ವೈದ್ಯಕೀಯ ಕಾಲೇಜಿಗೆ ಒಬ್ಬ ಚಿತ್ರಗಾರ ಬೇಕು

ಸಂಪಾದಕರಿಗೆ,

ಮಾನ್ಯರೇ,

ದ್ವಿತೀಯ ಪಿಯುಸಿ ಫಲಿತಾಂಶ ಬಂದ ವಾರದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಮಗಳನ್ನು ಕರೆದುಕೊಂಡು ಮನೆಗೆ ಬಂದಿದ್ದ. ಗಂಗಾವತಿ ಕಡೆಯ ಅಕ್ಕಿ ಗಿರಣಿಯೊಂದರಲ್ಲಿ ಹಮಾಲಿ ಮಾಡುವ ಆತ ಪ್ರೌಢಶಾಲೆಯಲ್ಲಿದ್ದಾಗ ಚೆನ್ನಾಗಿ ಚಿತ್ರ ಬರೆಯುತ್ತಿದ್ದ. ಮಗಳು ವಿಜ್ಞಾನ ವಿಭಾಗದಲ್ಲಿ ಪ್ರಥಮ ದರ್ಜೆಯಲ್ಲಿ ಪಾಸಾಗಿದ್ದಾಳೆ. ಅವಳು ಚೀಲದಿಂದ ತೆಗೆದು ನನ್ನ ಮುಂದಿಟ್ಟಿದ್ದು ಜೀವಶಾಸ್ತ್ರದ ರೆಕಾರ್ಡ್ ಪುಸ್ತಕ. ದಾಸವಾಳದ ಅಂಡಾಶಯದ ಸೀಳುನೋಟ, ಹೃದಯದ ನಾಲ್ಕು ಕೋಣೆಗಳು, ಮೂತ್ರಪಿಂಡದ ಒಳಗಿನ ನಾಳಗಳ ಸುತ್ತು, ಇವನ್ನೆಲ್ಲ ಅವಳು ಬರೀ ಎಚ್‌ಬಿ ಪೆನ್ಸಿಲಿನಲ್ಲಿ ಬರೆದಿದ್ದಳು. ಗೆರೆ ಎಲ್ಲಿ ತೆಳುವಾಗಬೇಕೋ ಅಲ್ಲಿ ತೆಳುವಾಗಿತ್ತು, ಎಲ್ಲಿ ಒತ್ತಬೇಕೋ ಅಲ್ಲಿ ಒತ್ತಿತ್ತು. ಅಪ್ಪ ಕೇಳಿದ ಮಾತು ಇಷ್ಟು: “ಸರ, ಚಿತ್ರ ಅಂದ್ರ ಈಕಿಗೆ ಪ್ರಾಣ ಐತ್ರಿ. ಆದ್ರ ಅದರಿಂದ ಹೊಟ್ಟಿ ತುಂಬ್ತೈತೇನ್ರಿ? ನರ್ಸಿಂಗ್ ಹಚ್ಚಲ್ಯೋ, ಚಿತ್ರದ ಕಾಲೇಜಿಗೆ ಹಚ್ಚಲ್ಯೋ, ನೀವಽ ಹೇಳ್ರಿ.”

ಮೂರು ದಶಕ ಚಿತ್ರಕಲಾ ಶಿಕ್ಷಕನಾಗಿ ದುಡಿದ ನನಗೆ ಈ ಪ್ರಶ್ನೆ ಹೊಸದಲ್ಲ. ಮೊದಲೆಲ್ಲ ನಾನು ಸೈನ್‌ಬೋರ್ಡ್ ಬರೆಯುವ ಕೆಲಸ ಇದೆ, ಡ್ರಾಯಿಂಗ್ ಮಾಸ್ತರ ಕೆಲಸ ಇದೆ ಎಂದು ಹೇಳಿ ಕಳಿಸುತ್ತಿದ್ದೆ. ಫ್ಲೆಕ್ಸ್ ಬಂದ ಮೇಲೆ ಮೊದಲನೆಯದು ಹೋಯಿತು, ನೇಮಕಾತಿ ಇಲ್ಲದೆ ಎರಡನೆಯದೂ ಕೈಗೆಟುಕದಂತಾಯಿತು. ಆದರೆ ಈ ಹುಡುಗಿಯ ವಿಷಯದಲ್ಲಿ ನನ್ನನ್ನು ತಡೆದದ್ದು ಕೆಲಸದ ಚಿಂತೆಯೊಂದೇ ಅಲ್ಲ. ಅವಳ ಕೈಯಲ್ಲಿರುವ ವಿದ್ಯೆಯನ್ನು ಎರಡಾಗಿ ಸೀಳಿ, ಒಂದನ್ನು ಉಳಿಸಿಕೊ, ಇನ್ನೊಂದನ್ನು ಬಿಡು ಎಂದು ಹೇಳುವುದು ಸರಿಯೇ ಎಂಬುದು ನನ್ನ ಚಿಂತೆಯಾಗಿತ್ತು. ಅಂದು ನಾನು ಕೊಡಲಾಗದ ಉತ್ತರವನ್ನು, ಆ ತಂದೆಗೂ ನಮ್ಮ ಜಿಲ್ಲೆಗಳ ವೈದ್ಯಕೀಯ ಶಿಕ್ಷಣದ ಹೊಣೆ ಹೊತ್ತವರಿಗೂ ಒಟ್ಟಿಗೆ ಮುಟ್ಟಲಿ ಎಂದು ತಮ್ಮ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ.

ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದಲ್ಲಿ ಡಯಾನ್ ಗ್ರೊಮಾಲಾ ಎಂಬ ಪ್ರಾಧ್ಯಾಪಕಿ ಇದ್ದಾರೆ. ಅವರ ವೃತ್ತಿಜೀವನದ ಬಗ್ಗೆ ನಾನು ಕೆಲವು ವರ್ಷಗಳಿಂದ ಆಸಕ್ತಿಯಿಂದ ಓದುತ್ತ ಬಂದಿದ್ದೇನೆ. ಅವರು ಯೇಲ್ ವಿಶ್ವವಿದ್ಯಾಲಯದಲ್ಲಿ ಕಲೆಯಲ್ಲಿ ಸ್ನಾತಕೋತ್ತರ ಪದವಿ ಪಡೆದವರು; ಅದಕ್ಕೂ ಮುಂಚೆ ಆ್ಯಪಲ್ ಕಂಪನಿಯಲ್ಲಿ ವಿನ್ಯಾಸದ ಕೆಲಸ ಮಾಡಿದವರು; ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಪಾಠ ಹೇಳಿ, ಬ್ರಿಟನ್ನಿನ ಪ್ಲಿಮತ್ ವಿಶ್ವವಿದ್ಯಾಲಯದಿಂದ ಪಿಎಚ್.ಡಿ ಪಡೆದು, ಕೊನೆಗೆ ಕೆನಡಾದಲ್ಲಿ ನೆಲೆ ನಿಂತವರು. ಅಲ್ಲಿ ಅವರಿಗೆ ದೊರೆತ ಸಂಶೋಧನಾ ಪೀಠದ ವಿಷಯವೇ ಗಣಕ ತಂತ್ರಜ್ಞಾನದಿಂದ ನೋವನ್ನು ಬದಲಿಸುವ ಬಗೆ. ಅವರು ವೈದ್ಯರಲ್ಲ, ಕಲಾವಿದೆ. ಹಾಗಿದ್ದೂ ತಿಂಗಳುಗಟ್ಟಲೆ, ವರ್ಷಗಟ್ಟಲೆ ಬಿಡದೆ ಕಾಡುವ ದೀರ್ಘಕಾಲದ ನೋವಿನ ಬಗ್ಗೆ ವೈದ್ಯರೊಂದಿಗೆ ಸರಿಸಮನಾಗಿ ಕೂತು ಸಂಶೋಧನೆ ನಡೆಸುತ್ತಾರೆ. ತಾವೂ ಅಂಥ ನೋವನ್ನು ಬಹುಕಾಲದಿಂದ ಉಂಡವರು ಎಂಬುದನ್ನು ಅವರೇ ಹೇಳಿಕೊಂಡಿದ್ದಾರೆ.

1990ರ ದಶಕದ ಮೊದಲ ವರ್ಷಗಳಲ್ಲಿ ಅವರು ಕೆನಡಾದ ಬ್ಯಾನ್ಫ್ ಕಲಾ ಕೇಂದ್ರದಲ್ಲಿ ಯಾಕೋವ್ ಶರೀರ್ ಎಂಬ ನೃತ್ಯ ಸಂಯೋಜಕರೊಡನೆ ಒಂದು ಕೃತಿಯನ್ನು ಕಟ್ಟಿದರು. ಕಣ್ಣಿಗೆ ಸಾಧನ ಕಟ್ಟಿಕೊಂಡು ಕಂಪ್ಯೂಟರ್ ಕಟ್ಟಿದ ಲೋಕದೊಳಗೇ ಹೊಕ್ಕಂತೆ ನೋಡುವ ವರ್ಚುವಲ್ ರಿಯಾಲಿಟಿ ಆಗಿನ್ನೂ ಸಾಮಾನ್ಯರ ಕೈಗೆ ಅಷ್ಟಾಗಿ ಬಂದಿರಲಿಲ್ಲ. ಗ್ರೊಮಾಲಾ ತಮ್ಮದೇ ದೇಹದ ಎಂಆರ್‌ಐ ಚಿತ್ರಗಳನ್ನು ಕಂಪ್ಯೂಟರಿಗೆ ಉಣಿಸಿ ಒಂದು ಬೃಹತ್ ಶರೀರವನ್ನು ರೂಪಿಸಿದರು. ಕಣ್ಣಿಗೆ ಆ ಸಾಧನ ಕಟ್ಟಿಕೊಂಡ ನೋಡುಗರು ಪಕ್ಕೆಲುಬುಗಳ ನಡುವೆ ತೂರಿ, ಬೆನ್ನೆಲುಬಿನ ಸುತ್ತ ಹಾರಾಡಿ, ಅಂಗಾಂಗಗಳ ಒಳಗೇ ಹೊಕ್ಕು ಬರಬಹುದಿತ್ತು; ಆ ಅಂಗಗಳ ಮೇಲೆಲ್ಲ ಅಕ್ಷರಗಳು ಹರಿದಾಡುತ್ತಿದ್ದವು. ಆಸ್ಪತ್ರೆಯಲ್ಲಿ ವೈದ್ಯರು ಬೆಳಕಿಗೆ ಹಿಡಿದು ನೋಡಿ ಲಕೋಟೆಗೆ ಸೇರಿಸುವ ಫಿಲ್ಮನ್ನು ಒಬ್ಬ ಕಲಾವಿದೆ ತನ್ನದೇ ಒಡಲಿನ ಭೂಪಟವಾಗಿ ತಿರುಗಿ ಬರೆದದ್ದು ನನಗೆ ಬಹಳ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಅಲ್ಲಿಂದ ಮುಂದೆ ಅವರ ಕಲೆ ನೋಟಕ್ಕಷ್ಟೇ ನಿಲ್ಲದೆ ಉಪಚಾರದ ಕಡೆಗೆ ಹೊರಳಿತು. 2001ರಲ್ಲಿ ಅವರು ಸಂಗಡಿಗರೊಂದಿಗೆ ಧ್ಯಾನದ ಕೋಣೆಯೊಂದನ್ನು ರೂಪಿಸಿದರು. ಕೂತವರ ಉಸಿರು, ನಾಡಿ ಮತ್ತು ಚರ್ಮದ ಬೆವರನ್ನು ಅಳೆಯುವ ಸಂವೇದಕಗಳನ್ನು ಬೆರಳಿಗೂ ಮೈಗೂ ಕಟ್ಟಿರುತ್ತಾರೆ. ಮನಸ್ಸು ತಿಳಿಯಾಗುತ್ತ ಹೋದಂತೆ ಕಣ್ಣೆದುರು ಸೂರ್ಯ ಮುಳುಗಿ ಚಂದ್ರ ಮೇಲೇರುತ್ತಾನೆ. ಅನಂತರದ ಕೃತಿಯಲ್ಲಿ ರೋಗಿಯು ಟ್ರೆಡ್‌ಮಿಲ್ಲಿನ ಮೇಲೆ ನಿಧಾನವಾಗಿ ನಡೆಯುತ್ತಾರೆ, ಎದುರಿಗೆ ಮಂಜು ಕವಿದ ಕಾಡಿನ ದಾರಿ ಇರುತ್ತದೆ. ಮೈ ಬಿಗಿದರೆ, ಆತಂಕ ಹೆಚ್ಚಿದರೆ ಚರ್ಮದಲ್ಲಿ ಕಣ್ಣಿಗೆ ಕಾಣದಷ್ಟು ಬೆವರು ಹೆಚ್ಚುತ್ತದೆ, ಅದರಿಂದ ಚರ್ಮದ ವಿದ್ಯುತ್ ವಾಹಕತೆ ಏರುತ್ತದೆ, ಕೂಡಲೇ ದಾರಿಯ ಮೇಲೆ ಮಂಜು ದಟ್ಟವಾಗುತ್ತದೆ. ಉಸಿರು ಸಮನಾಗಿ ಮೈ ಸಡಿಲವಾದರೆ ಮಂಜು ಸರಿದು ಮರಗಳು ಕಾಣಿಸಿಕೊಳ್ಳುತ್ತವೆ. ಒಳಗಿನ ಸ್ಥಿತಿ ಹೊರಗೆ ಹವಾಮಾನವಾಗಿ ಕಾಣುವುದರಿಂದ ರೋಗಿ ತನ್ನ ದೇಹವನ್ನು ತಾನೇ ಹದಕ್ಕೆ ತರುವುದನ್ನು ಕಲಿಯುತ್ತಾನೆ. 2015ರಲ್ಲಿ ಪ್ರಕಟವಾದ ಇದರ ಅಧ್ಯಯನದಲ್ಲಿ ಇದ್ದವರು 13 ಜನ ರೋಗಿಗಳು ಮಾತ್ರ. ಬರೀ ಧ್ಯಾನದ ಧ್ವನಿಮುದ್ರಿಕೆ ಕೇಳಿದವರಿಗಿಂತ ಈ ದಾರಿಯಲ್ಲಿ ನಡೆದವರಿಗೆ ನೋವು ಹೆಚ್ಚು ತಗ್ಗಿತು. ಸಂಖ್ಯೆ ಸಣ್ಣದು, ಇದರಿಂದ ನೋವೇ ಹೋಯಿತು ಎಂದು ಯಾರೂ ಹೇಳುವಂತಿಲ್ಲ. ಆದರೆ ಮಂಜು ಎಷ್ಟು ದಟ್ಟವಿರಬೇಕು, ಮರ ಯಾವ ಹೊತ್ತಿಗೆ ಕಾಣಬೇಕು ಎಂಬುದನ್ನು ತೀರ್ಮಾನಿಸಿದ್ದು ಕಲಾವಿದೆಯ ಕಣ್ಣು ಎಂಬುದನ್ನು ಗಮನಿಸಬೇಕು.

ನೋವಿನ ವಿಜ್ಞಾನವೂ ಇದಕ್ಕೆ ವಿರುದ್ಧವಾಗಿಲ್ಲ. 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ವಿಜ್ಞಾನಿಗಳು ಬೆನ್ನುಹುರಿಯಲ್ಲಿ ನೋವಿನ ಸಂಕೇತಗಳಿಗೆ ಒಂದು ಬಾಗಿಲಿನಂಥ ವ್ಯವಸ್ಥೆ ಇದೆ, ಮಿದುಳಿನಿಂದ ಇಳಿದು ಬರುವ ಸಂಕೇತಗಳು ಅದನ್ನು ತೆರೆಯಲೂ ಮುಚ್ಚಲೂ ಬಲ್ಲವು ಎಂದು ವಾದಿಸಿದರು. ಗಾಯ ಎಷ್ಟಿದೆಯೋ ನೋವು ಅಷ್ಟೇ ಎಂಬ ಹಳೆಯ ಲೆಕ್ಕ ಅಲ್ಲಿಂದ ಸಡಿಲವಾಯಿತು. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಹಂಟರ್ ಹಾಫ್‌ಮನ್ ಮತ್ತು ಡೇವಿಡ್ ಪ್ಯಾಟರ್‌ಸನ್ ಎಂಬವರು ಸುಟ್ಟ ಗಾಯದ ರೋಗಿಗಳಿಗಾಗಿ ವರ್ಚುವಲ್ ರಿಯಾಲಿಟಿಯಲ್ಲಿ ಒಂದು ಹಿಮದ ಲೋಕವನ್ನೇ ಸೃಷ್ಟಿಸಿದ್ದಾರೆ. ಗಾಯದ ಪಟ್ಟಿ ಬಿಚ್ಚುವ ಹೊತ್ತಿನಲ್ಲಿ ರೋಗಿ ಆ ಹಿಮದ ಕಣಿವೆಯಲ್ಲಿ ತೇಲುತ್ತ ಹಿಮದ ಉಂಡೆಗಳನ್ನು ಎಸೆಯುತ್ತಿರುತ್ತಾನೆ. ಅವನ ಗಮನವೆಲ್ಲ ಅತ್ತ ಹೋಗಿ, ಪಟ್ಟಿ ಬಿಚ್ಚುವ ನೋವು ಗಣನೀಯವಾಗಿ ಕಡಿಮೆ ಅನಿಸಿದ್ದನ್ನು ಅವರು ದಾಖಲಿಸಿದರು. 2021ರ ನವೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಬಹುಕಾಲದ ಸೊಂಟನೋವಿಗೆ ವೈದ್ಯರು ಬರೆದುಕೊಡಬಹುದಾದ ವರ್ಚುವಲ್ ರಿಯಾಲಿಟಿ ಸಾಧನವೊಂದಕ್ಕೆ ಅನುಮತಿಯನ್ನೂ ಕೊಟ್ಟಿತು.

ಇದೆಲ್ಲ ಕೆನಡಾ, ಅಮೆರಿಕದ ಮಾತಾಯಿತು, ಕೊಪ್ಪಳಕ್ಕೇನು ಎಂದು ಓದುಗರು ಕೇಳಬಹುದು. ನಾನು ಕಣ್ಣಾರೆ ಕಂಡ ಎರಡು ಸಂಗತಿಗಳನ್ನು ಇಲ್ಲಿ ಹೇಳಬೇಕು.

ಮೊದಲನೆಯದು ತರಗತಿಯದು. ಯಲಬುರ್ಗಾ ತಾಲ್ಲೂಕಿನ ಶಾಲೆಯೊಂದರಲ್ಲಿದ್ದಾಗ ಎಂಟನೆಯ ತರಗತಿಯ ಮಕ್ಕಳಿಗೆ ಕನ್ನಡಿ ನೋಡಿಕೊಂಡು ಅವರವರ ಮುಖವನ್ನೇ ಬರೆಯಲು ಹೇಳಿದ್ದೆ. ಒಬ್ಬ ಹುಡುಗಿ ನಗುವ ಮುಖ ಬರೆದು, ಹಲ್ಲುಗಳಿಗೆ ಬಿಳಿ ಬಣ್ಣ ಬಿಟ್ಟು, ಮೇಲೆ ಕಂದು ಬಣ್ಣದಲ್ಲಿ ಅಡ್ಡಡ್ಡ ಗೆರೆ ಎಳೆದಿದ್ದಳು. ಬಣ್ಣ ಕದಡಿರಬೇಕೆಂದು ನಾನು ಅಳಿಸಲು ಹೋದೆ. ಅವಳು ಏನೂ ಮಾತಾಡದೆ ತುಟಿ ಸರಿಸಿ ಹಲ್ಲು ತೋರಿಸಿದಳು. ಗೆರೆಗಳು ಅಲ್ಲೇ ಇದ್ದವು, ಅವಳು ಎಣಿಸಿ ಬರೆದಿದ್ದಳು. ಅಂದು ಉಳಿದ ಮಕ್ಕಳ ಹಲ್ಲುಗಳನ್ನು ನೋಡಿದಾಗ ಒಂದೇ ಓಣಿಯಿಂದ ಬರುವ ಹಲವರಲ್ಲಿ ಅದೇ ಕಂದು ಪಟ್ಟಿ ಕಂಡಿತು. ಅವರೆಲ್ಲ ಒಂದೇ ಬೋರ್‌ವೆಲ್ಲಿನ ನೀರು ಕುಡಿದು ಬೆಳೆದವರು. ಗ್ರಾನೈಟ್ ಬಂಡೆಯ ಆಳದ ನೀರಿನಲ್ಲಿ ಫ್ಲೋರೈಡ್ ಕರಗಿರುತ್ತದೆ, ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ಹಲ್ಲು ಮೂಡುವ ವಯಸ್ಸಿನಲ್ಲಿ, ಅಂದರೆ ಸುಮಾರು ಎಂಟು ವರ್ಷದ ಒಳಗೆ, ದಿನವೂ ಕುಡಿದರೆ ಹಲ್ಲಿನ ಹೊರಕವಚ ಕೆಡುತ್ತದೆ. ವರ್ಷಾನುಗಟ್ಟಲೆ ಕುಡಿದರೆ ಎಲುಬು, ಕೀಲುಗಳೇ ಬಿಗಿದುಕೊಳ್ಳುತ್ತವೆ. ಇದನ್ನು ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳ ಜನರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಾನು ಹೇಳಬಯಸುವುದು ಬೇರೆ. ಆ ಮಕ್ಕಳಿಗೆ ದಿನವೂ ಪಾಠ ಹೇಳುತ್ತಿದ್ದ ನಾವು ಏಳೆಂಟು ಜನ ಶಿಕ್ಷಕರು ಆ ಹಲ್ಲುಗಳನ್ನು ನೋಡಿಯೂ ನೋಡಿರಲಿಲ್ಲ. ಬರೆಯಲು ಕೂತ ಹನ್ನೆರಡು ವರ್ಷದ ಹುಡುಗಿಗೆ ಅದು ಕಂಡಿತು, ಏಕೆಂದರೆ ಬರೆಯುವವರು ನೋಡಲೇಬೇಕಾಗುತ್ತದೆ.

ಇದನ್ನು ವೈದ್ಯಕೀಯ ಶಿಕ್ಷಣದವರು ಅರಿಯದೆ ಇಲ್ಲ. ಯೇಲ್ ವಿಶ್ವವಿದ್ಯಾಲಯದ ಚರ್ಮರೋಗ ಪ್ರಾಧ್ಯಾಪಕ ಅರ್ವಿನ್ ಬ್ರೇವರ್‌ಮನ್ ಅವರು ಲಿಂಡಾ ಫ್ರೀಡ್‌ಲ್ಯಾಂಡರ್ ಎಂಬ ಕಲಾ ಸಂಗ್ರಹಾಲಯದ ಅಧಿಕಾರಿಯ ಜೊತೆಗೂಡಿ ತಮ್ಮ ವಿದ್ಯಾರ್ಥಿಗಳನ್ನು ಚಿತ್ರಗಳ ಮುಂದೆ ನಿಲ್ಲಿಸುತ್ತಿದ್ದರು. ಚಿತ್ರದ ಹೆಸರು ಮುಚ್ಚಿರುತ್ತದೆ. ವಿದ್ಯಾರ್ಥಿಯು ಕಂಡದ್ದನ್ನು ಮಾತ್ರ ಒಂದೊಂದಾಗಿ ಹೇಳಬೇಕು, ಊಹೆ ಆಮೇಲೆ. ಹೀಗೆ ಕಲಿತವರು ರೋಗಿಗಳ ಫೋಟೊಗಳಲ್ಲಿ ಲಕ್ಷಣಗಳನ್ನು ಉಳಿದವರಿಗಿಂತ ಚೆನ್ನಾಗಿ ಗುರುತಿಸಿದರೆಂದು 2001ರಲ್ಲಿ ಅವರು ಪ್ರಕಟಿಸಿದರು. ಇದಕ್ಕೆ ಬೇಕಾದದ್ದು ಒಂದು ಚಿತ್ರ, ಒಂದು ಗಂಟೆ ಮತ್ತು ನೋಡುವುದನ್ನು ಕಲಿಸಬಲ್ಲ ಒಬ್ಬ ವ್ಯಕ್ತಿ.

ಎರಡನೆಯ ಸಂಗತಿ ನನ್ನ ಅಕ್ಕನದು. ಅವಳಿಗೆ ಈಗ ಎಪ್ಪತ್ತರ ಹತ್ತಿರ. ಫ್ಲೋರೈಡಿನ ಪರಿಣಾಮದಿಂದ ಬೆನ್ನು ಬಾಗಿ ಬಿಗಿದಿದೆ, ಕತ್ತು ತಿರುಗಿಸಬೇಕಾದರೆ ಇಡೀ ಮೈಯನ್ನೇ ತಿರುಗಿಸುತ್ತಾಳೆ. ಒಂದು ಆಸ್ಪತ್ರೆಯಲ್ಲಿ ಕಿರಿಯ ವೈದ್ಯರೊಬ್ಬರು, ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟು ಎಂದು ಮೂರು ಸಲ ಕೇಳಿದರು. ಅಕ್ಕ ನನ್ನ ಕಡೆ ನೋಡಿದಳು. “ಅಂಕಿ ಹೆಂಗ ಹೇಳ್ಲೋ ತಮ್ಮಾ, ನಸುಕಿನ್ಯಾಗ ಒಂದ್ ನಮೂನಿ ಇರ್ತೈತಿ, ಸಂಜಿಕ ಒಂದ್ ನಮೂನಿ. ನಡದಾಗ ಚುಳ್ ಅಂತೈತಿ, ತೊಡಿಯಾಗ ಇರುವಿ ಹರದಂಗ ಆಗ್ತೈತಿ, ಮೊಣಕಾಲ ಎಲುಬಿನಾಗ ನೀರು ಇಳದಂಗ ತಣ್ಣಗ ಬ್ಯಾನಿ” ಎಂದಳು. ಹೊರಗೆ ಸಾಲು ಉದ್ದವಿತ್ತು. ವೈದ್ಯರು ತಾವೇ ಐದು ಎಂದು ಬರೆದುಕೊಂಡು ಗುಳಿಗೆ ಕೊಟ್ಟರು. ನಾನು ಅವರನ್ನು ದೂರುವುದಿಲ್ಲ. ಅವರಿಗೆ ಕಲಿಸಿದ ಅಳತೆಗೋಲು ಅದೊಂದೇ ಆಗಿತ್ತು. ಆದರೆ ಅಕ್ಕ ಹೇಳಿದ ಮೂರೂ ಮಾತು ಮೂರು ಬೇರೆ ಬೇರೆ ನೋವುಗಳು, ಅವುಗಳಲ್ಲಿ ಒಂದಾದರೂ ನರಕ್ಕೆ ಸಂಬಂಧಿಸಿರಬಹುದು ಎಂಬುದು ಆ ಐದರೊಳಗೆ ಎಲ್ಲಿಯೂ ಇರಲಿಲ್ಲ.

ಮನೆಗೆ ಬಂದು ನಾನು ಒಂದು ಡ್ರಾಯಿಂಗ್ ಹಾಳೆಯ ಮೇಲೆ ಹೆಂಗಸಿನ ಮೈಯ ಹೊರಗೆರೆಯನ್ನು ಮುಂದಿನಿಂದ ಒಂದು, ಹಿಂದಿನಿಂದ ಒಂದು ಬರೆದೆ. ಸೀರೆ ಉಟ್ಟಂತೆಯೇ ಬರೆದೆ, ಇಲ್ಲವಾದರೆ ಅವಳು ಕೈ ಹಚ್ಚುತ್ತಿರಲಿಲ್ಲ. ಮೂರು ಬಣ್ಣದ ಪೆನ್ಸಿಲ್ ಕೊಟ್ಟು, ಚುಳ್ ಎನ್ನುವಲ್ಲಿ ಕೆಂಪು, ಇರುವೆ ಹರಿದಂತಾಗುವಲ್ಲಿ ಹಸಿರು, ತಣ್ಣನೆಯ ಬೇನೆ ಇರುವಲ್ಲಿ ನೀಲಿ ಹಚ್ಚು ಎಂದೆ. ಹುಟ್ಟಿದಾಗಿನಿಂದ ಪೆನ್ಸಿಲ್ ಹಿಡಿಯದ ಅಕ್ಕ ಒಂದು ತಾಸು ಕೂತು ಬಣ್ಣ ತುಂಬಿದಳು. ಹಸಿರು ಬಣ್ಣ ಎಡ ತೊಡೆಯ ಹಿಂಬದಿಯಿಂದ ಮೀನಖಂಡದವರೆಗೆ ಒಂದೇ ಪಟ್ಟಿಯಾಗಿ ಇಳಿದಿತ್ತು. ಮುಂದಿನ ಸಲ ಅದೇ ಹಾಳೆಯನ್ನು ವೈದ್ಯರ ಮೇಜಿನ ಮೇಲೆ ಇಟ್ಟೆವು. ಅವರು ಅದನ್ನು ನೋಡಿ, ಅಕ್ಕನನ್ನು ಮಂಚದ ಮೇಲೆ ಮಲಗಿಸಿ, ಎಡಗಾಲನ್ನು ಎತ್ತಿ ಪರೀಕ್ಷಿಸಿದರು. ಅದಕ್ಕೂ ಮುಂಚೆ ಯಾರೂ ಹಾಗೆ ಪರೀಕ್ಷಿಸಿರಲಿಲ್ಲ. ಔಷಧವೂ ಬದಲಾಯಿತು. ಬಾಗಿದ ಬೆನ್ನು ಸರಿಯಾಗಿಲ್ಲ, ಆಗುವುದೂ ಇಲ್ಲ. ರಾತ್ರಿ ಮೊದಲಿಗಿಂತ ನಿದ್ದೆ ಬರುತ್ತದೆ ಎನ್ನುತ್ತಾಳೆ.

ಮೈಯ ಹೊರಗೆರೆಯ ಮೇಲೆ ನೋವನ್ನು ಗುರುತಿಸುವುದು ನಾನು ಕಂಡುಹಿಡಿದದ್ದಲ್ಲ, ನೋವಿನ ಚಿಕಿತ್ಸೆಯಲ್ಲಿ ಅದು ಹಳೆಯ ಪದ್ಧತಿ. ಮಕ್ಕಳಿಗೆಂದು ಅಮೆರಿಕದಲ್ಲಿ ಡೊನಾ ವಾಂಗ್ ಮತ್ತು ಕಾನಿ ಬೇಕರ್ ಎಂಬವರು ನಗುವ ಮುಖದಿಂದ ಅಳುವ ಮುಖದವರೆಗೆ ಆರು ಮುಖಗಳ ಅಳತೆಪಟ್ಟಿಯನ್ನು ರೂಪಿಸಿದ್ದು 1980ರ ದಶಕದಲ್ಲಿ. ಮೆಲ್ಜಾಕ್ 1975ರಲ್ಲಿ ನೋವನ್ನು ಬಣ್ಣಿಸುವ 78 ಇಂಗ್ಲಿಷ್ ಪದಗಳನ್ನು 20 ಗುಂಪುಗಳಾಗಿ ಜೋಡಿಸಿ ಒಂದು ಪ್ರಶ್ನಾವಳಿಯನ್ನೇ ಮಾಡಿದರು. ನಮ್ಮ ಸೀಮೆಯ ಹೆಣ್ಣುಮಕ್ಕಳ ಬಾಯಲ್ಲಿ ಇರುವ ಚುಳುಕು, ಸೆಳೆತ, ಜೋಮು, ಉರಿ, ಹಿಡಿತ, ತಿವಿತ, ಬೇನೆ ಇವುಗಳನ್ನೂ ಹಾಗೆ ಆಯ್ದು ಜೋಡಿಸಿ, ಒಂದೊಂದಕ್ಕೂ ಒಂದು ಚಿತ್ರ ಬರೆಸಿ, ಕೊಪ್ಪಳದ ಒಬ್ಬ ಅಜ್ಜಿ ಬೆರಳಿಟ್ಟು ತೋರಿಸುವಂಥ ಹಾಳೆಯನ್ನು ಮಾಡಲು ಎಷ್ಟು ಖರ್ಚಾದೀತು? ಅದನ್ನು ಮಾಡಬೇಕಾದರೆ ವೈದ್ಯರು, ಭಾಷೆ ಬಲ್ಲವರು, ಚಿತ್ರ ಬಲ್ಲವರು ಒಂದು ಮೇಜಿನ ಸುತ್ತ ಕೂಡಬೇಕು. ಆ ಮೇಜು ನಮ್ಮಲ್ಲಿ ಇಲ್ಲ.

ಕಲೆಯೂ ವೈದ್ಯವೂ ಒಂದೇ ಸೂರಿನಡಿ ಕೂಡಿದಾಗ ಏನಾಗುತ್ತದೆ ಎಂಬುದಕ್ಕೆ ವಿದೇಶಕ್ಕೇ ಹೋಗಬೇಕಾಗಿಲ್ಲ. ಜೈಪುರದ ಸವಾಯಿ ಮಾನ್‌ಸಿಂಗ್ ಆಸ್ಪತ್ರೆಯಲ್ಲಿ ರೋಗಿಗಳಿಗೆ ಕರಕುಶಲ ವಿದ್ಯೆ ಕಲಿಸುತ್ತಿದ್ದ ರಾಮಚಂದ್ರ ಶರ್ಮ ಎಂಬ ಶಿಲ್ಪಿಗೆ ಹೆಚ್ಚಿನ ಶಾಲಾ ಶಿಕ್ಷಣ ಇರಲಿಲ್ಲ. ಎಲ್ಲರೂ ಅವರನ್ನು ಮಾಸ್ಟರ್‌ಜಿ ಎನ್ನುತ್ತಿದ್ದರು. ವಿದೇಶದಿಂದ ಬಂದ ಕೃತಕ ಪಾದವನ್ನು ಕಟ್ಟಿಕೊಂಡವರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಲಾರದೆ, ಹೊಲದ ಕೆಸರಿನಲ್ಲಿ ನಡೆಯಲಾರದೆ ಅದನ್ನು ಮೂಲೆಗೆ ಎಸೆಯುವುದನ್ನು ಅವರು ಕಂಡಿದ್ದರು. ಟೈರಿಗೆ ರಬ್ಬರ್ ಕಟ್ಟುವ ಅಂಗಡಿಯ ಕೆಲಸ ನೋಡಿ ಅವರಿಗೆ ದಾರಿ ಹೊಳೆಯಿತು ಎನ್ನುತ್ತಾರೆ. ಮೂಳೆ ತಜ್ಞ ಡಾ. ಪಿ.ಕೆ. ಸೇಠಿ ಅವರ ಜ್ಞಾನವೂ ಮಾಸ್ಟರ್‌ಜಿಯ ಕೈಯೂ ಕೂಡಿ 1960ರ ದಶಕದ ಕೊನೆಯಲ್ಲಿ ಹುಟ್ಟಿದ್ದೇ ಇಂದು ಲೋಕವೆಲ್ಲ ಬಲ್ಲ ಜೈಪುರ ಪಾದ. ಡಾ. ಸೇಠಿ ಅವರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಆ ಪಾದ ಭಾರತೀಯರ ಪಾದದಂತೆಯೇ ಕಾಣುತ್ತದೆ, ಬೆರಳುಗಳಿವೆ, ಮೈಬಣ್ಣವಿದೆ, ಬರಿಗಾಲಲ್ಲಿ ನಡೆಯಬಹುದು. ಆ ರೂಪ ಶಿಲ್ಪಿಯ ಕೈಯಿಂದ ಬಂದದ್ದು.

ಕೊಪ್ಪಳದಿಂದ ಅರ್ಧ ಗಂಟೆಯ ಬಸ್ ದಾರಿಯಲ್ಲಿ ಕಿನ್ನಾಳವಿದೆ. ಅಲ್ಲಿಯ ಚಿತ್ರಗಾರ ಮನೆತನದವರು ಹಗುರವಾದ ಮರವನ್ನು ಕಡೆದು, ಹುಣಸೆ ಬೀಜದ ಅಂಟಿನಲ್ಲಿ ಕಟ್ಟಿಗೆಯ ಪುಡಿ ಕಲಸಿದ ಕಿಟ್ಟದಿಂದ ಸಂದುಗಳನ್ನು ಮೆತ್ತಿ, ಗೋಣಿಯ ಚಿಂದಿ ಅಂಟಿಸಿ, ಮೇಲೆ ನುಣುಪಾದ ಲೇಪ ಕೊಟ್ಟು ಬಣ್ಣ ಬರೆಯುತ್ತಾರೆ. ಹಂಪಿಯ ವಿರೂಪಾಕ್ಷ ದೇವಾಲಯದ ಮೇಲ್ಛಾವಣಿಯ ಚಿತ್ರಗಳನ್ನು ಬರೆದವರು ತಮ್ಮ ಹಿರೀಕರು ಎಂದು ಅವರು ಹೇಳಿಕೊಂಡು ಬಂದಿದ್ದಾರೆ. ಒಮ್ಮೆ ಅಲ್ಲಿಯ ಹಿರಿಯರೊಬ್ಬರ ಮನೆಯ ಕಟ್ಟೆಯ ಮೇಲೆ ಕೂತು ದೇವಿಯ ಮುಖಕ್ಕೆ ಕಣ್ಣು ಬರೆಯುವುದನ್ನು ನೋಡಿದ್ದೇನೆ. ಉಳಿದ ಕೆಲಸವೆಲ್ಲ ಮುಗಿದಿತ್ತು. ಅವರು ಕುಂಚವನ್ನು ಎರಡೇ ಕೂದಲಿನಷ್ಟು ತುದಿ ಮಾಡಿ, ಕರಿ ಗುಡ್ಡೆಯನ್ನು ತುಂಬಿದ ಮೇಲೆ ಬಲಬದಿಗೆ ಸಾಸಿವೆಯಷ್ಟು ಬಿಳಿ ಚುಕ್ಕೆ ಇಟ್ಟರು. ಆ ಚುಕ್ಕೆ ಬೀಳುವವರೆಗೆ ಮರವಾಗಿದ್ದದ್ದು ಕೂಡಲೇ ನಮ್ಮನ್ನು ನೋಡತೊಡಗಿತು.

ಕಣ್ಣು ಕಳೆದುಕೊಂಡವರಿಗೆ ಕೂರಿಸುವ ಕೃತಕ ಕಣ್ಣನ್ನೂ ಒಳ್ಳೆಯ ಕಡೆಗಳಲ್ಲಿ ಹೀಗೆಯೇ ಕೈಯಿಂದ ಬರೆಯುತ್ತಾರೆ. ಅಕ್ರಿಲಿಕ್ ಬಿಲ್ಲೆಯ ಮೇಲೆ ರೋಗಿಯ ಇನ್ನೊಂದು ಕಣ್ಣನ್ನು ಎದುರಿಟ್ಟುಕೊಂಡು ಪಾಪೆಯ ಸುತ್ತಲಿನ ಬಣ್ಣದ ಎಳೆಗಳನ್ನೂ ಬಿಳಿ ಭಾಗದ ಕೆಂಪು ರಕ್ತನಾಳಗಳನ್ನೂ ಒಂದೊಂದಾಗಿ ಎಳೆಯುತ್ತಾರೆ. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಕಣ್ಣು ಮುಖಕ್ಕೆ ಹೊಂದುವುದಿಲ್ಲ, ಬರೆದ ಕಣ್ಣು ಹೊಂದುತ್ತದೆ. ಮೊದಲ ಮಹಾಯುದ್ಧದಲ್ಲಿ ಮುಖ ಛಿದ್ರವಾದ ಸೈನಿಕರಿಗೆ ಆನಾ ಕೋಲ್‌ಮನ್ ಲ್ಯಾಡ್ ಎಂಬ ಶಿಲ್ಪಿ ಪ್ಯಾರಿಸಿನಲ್ಲಿ ತೆಳು ತಾಮ್ರದ ಮುಖವಾಡಗಳನ್ನು ಮಾಡಿ, ಅವರವರ ಮೈಬಣ್ಣ ಬರೆದು ಕೊಟ್ಟದ್ದು ಇದೇ ವಿದ್ಯೆಯಿಂದ. ಕಿನ್ನಾಳದ ಯುವಕರು ಇಂದು ಮನೆತನದ ಕಸುಬು ಬಿಟ್ಟು ಬೇರೆ ಕೆಲಸ ಹುಡುಕುವ ಸ್ಥಿತಿಯಲ್ಲಿದ್ದಾರೆ. ಅವರ ಕೈಗೆ ಆಸ್ಪತ್ರೆಯಲ್ಲಿ ಕೆಲಸವಿದೆ ಎಂದು ಅವರಿಗೆ ಯಾರೂ ಹೇಳಿಲ್ಲ. ಜಿಐ (ಭೌಗೋಳಿಕ ಸೂಚಿ) ಮಾನ್ಯತೆ ಕೊಟ್ಟು, ವರ್ಷಕ್ಕೊಮ್ಮೆ ಮೇಳದಲ್ಲಿ ಮಳಿಗೆ ಕೊಟ್ಟರೆ ನಮ್ಮ ಕರ್ತವ್ಯ ಮುಗಿಯಿತು ಎಂಬ ಭಾವನೆ ನನಗೆ ನೋವು ತರುತ್ತದೆ.

ಆದ್ದರಿಂದ ನನ್ನ ಬೇಡಿಕೆಯನ್ನು ಸ್ಪಷ್ಟವಾಗಿ ಇಡುತ್ತೇನೆ. 1961ರಲ್ಲಿ ಆರಂಭವಾದ ಬಳ್ಳಾರಿಯ ವೈದ್ಯಕೀಯ ಕಾಲೇಜು, 2007ರಲ್ಲಿ ಆರಂಭವಾದ ರಾಯಚೂರಿನ ರಿಮ್ಸ್, 2015ರಲ್ಲಿ ಆರಂಭವಾದ ಕೊಪ್ಪಳದ ಕಿಮ್ಸ್, ಈ ಮೂರರಲ್ಲೂ ಒಬ್ಬೊಬ್ಬ ಕಲಾವಿದರನ್ನು ಬೋಧಕ ವರ್ಗದಲ್ಲಿ, ಪೂರ್ಣಾವಧಿಗೆ ನೇಮಿಸಬೇಕು. ಹಿಂದಿನ ಕಾಲದ ವೈದ್ಯಕೀಯ ಕಾಲೇಜುಗಳಲ್ಲಿ ಅಂಗರಚನಾ ವಿಭಾಗಕ್ಕೆ ಪಟ ಬರೆಯುವ, ಮಾದರಿ ಮಾಡುವ ಚಿತ್ರಗಾರರು ಇರುತ್ತಿದ್ದರು. ಮುದ್ರಿತ ಪಟಗಳೂ ಕಂಪ್ಯೂಟರ್ ಚಿತ್ರಗಳೂ ಬಂದ ಮೇಲೆ ಅವರು ಬೇಡವಾದರು. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವೈದ್ಯಕೀಯ ಶಾಲೆ 1911ರಲ್ಲಿಯೇ ಮ್ಯಾಕ್ಸ್ ಬ್ರೋಡೆಲ್ ಎಂಬ ಜರ್ಮನ್ ಚಿತ್ರಗಾರನ ನೇತೃತ್ವದಲ್ಲಿ ವೈದ್ಯಕೀಯ ಚಿತ್ರಕಲೆಗೆ ಒಂದು ಪ್ರತ್ಯೇಕ ವಿಭಾಗವನ್ನೇ ತೆರೆಯಿತು, ಅದು ಇಂದಿಗೂ ನಡೆಯುತ್ತಿದೆ. ಅಲ್ಲಿ ಬೇಡವಾಗದ ಚಿತ್ರಗಾರ ಇಲ್ಲಿ ಏಕೆ ಬೇಡವಾದ? ರಾಯಚೂರಿನಲ್ಲಿ 2019ರಲ್ಲಿ ಆರಂಭವಾದ ಐಐಐಟಿ ಇದೆ, ಹಂಪಿಯಲ್ಲಿ ದೃಶ್ಯಕಲೆ ಕಲಿಸುವ ಕನ್ನಡ ವಿಶ್ವವಿದ್ಯಾಲಯ ಇದೆ. ಗಣಕ, ಭಾಷೆ, ಕಲೆ, ವೈದ್ಯ ಈ ನಾಲ್ಕೂ ನಮ್ಮ ಸೀಮೆಯಲ್ಲಿಯೇ ಇವೆ, ಒಬ್ಬರಿನ್ನೊಬ್ಬರ ಮುಖ ನೋಡಿಲ್ಲ ಅಷ್ಟೇ. ಸಂವಿಧಾನದ 371(ಜೆ) ವಿಧಿಯ ಅನ್ವಯ ನಮಗಾಗಿ ರಚನೆಯಾದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯು ಮನಸ್ಸು ಮಾಡಿದರೆ ಮೂರು ಹುದ್ದೆಗಳ ಸಂಬಳ ಅದಕ್ಕೆ ಭಾರವಾಗುವುದಿಲ್ಲ.

ವೈದ್ಯರೇ ಸಾಕಷ್ಟಿಲ್ಲದ ಕಡೆ ಚಿತ್ರಗಾರ ಏಕೆ ಎಂಬ ಆಕ್ಷೇಪಣೆ ಬರುತ್ತದೆ, ಅದು ನ್ಯಾಯವಾದದ್ದೇ. ಔಷಧ ಇಲ್ಲದ, ದಾದಿ ಇಲ್ಲದ ವಾರ್ಡಿನಲ್ಲಿ ನಿಂತು ಚಿತ್ರದ ಮಾತಾಡಲು ನನಗೂ ಮನಸ್ಸಿಲ್ಲ. ಆದರೆ ಐದು ನಿಮಿಷವಷ್ಟೇ ಸಿಗುವ ವೈದ್ಯರಿಗೆ ಆ ಐದು ನಿಮಿಷದಲ್ಲಿ ರೋಗಿಯ ನೋವು ಅರ್ಥವಾಗುವಂತೆ ಮಾಡುವ ಒಂದು ಹಾಳೆ ವೈದ್ಯರ ಸಮಯವನ್ನು ಉಳಿಸುತ್ತದೆ, ಕಸಿದುಕೊಳ್ಳುವುದಿಲ್ಲ. ಇನ್ನು ಗ್ರೊಮಾಲಾ ಅವರ ವರ್ಚುವಲ್ ರಿಯಾಲಿಟಿ ಸಾಧನವನ್ನೇ ತಂದು ಇಲ್ಲಿ ಉದ್ಘಾಟಿಸಿ ಎಂದು ನಾನು ಕೇಳುತ್ತಿಲ್ಲ. ಯಂತ್ರ ಮೊದಲು ಬಂದು, ಅದನ್ನು ನಡೆಸುವವರು ಬಾರದೆ, ಬೀಗ ಹಾಕಿದ ಕೋಣೆಯಲ್ಲಿ ಧೂಳು ತಿನ್ನುವುದನ್ನು ಸಾಕಷ್ಟು ನೋಡಿದ್ದೇವೆ. ಮನುಷ್ಯ ಮೊದಲು ಬರಲಿ. ಕೆನಡಾದ ಕಾಡಿನ ಮಂಜು ನಮ್ಮ ಅಕ್ಕನಿಗೆ ಏನನ್ನೂ ಹೇಳುವುದಿಲ್ಲ. ತುಂಗಭದ್ರೆಯ ದಂಡೆಯ ನಸುಕಿನ ಮಂಜು, ಆನೆಗುಂದಿಯ ಬಂಡೆಗಳ ನಡುವಿನ ಬಾಳೆತೋಟ ಅವಳಿಗೆ ಹೇಳುತ್ತದೆ. ಅದನ್ನು ಬರೆಯಬಲ್ಲವರು ಇಲ್ಲಿಯೇ ಇದ್ದಾರೆ.

ಈಗ ಆಸ್ಪತ್ರೆಗಳು ಕಲಾವಿದರನ್ನು ಕರೆಯುವುದೇ ಇಲ್ಲವೆಂದಲ್ಲ. ಆವರಣದ ಗೋಡೆಗೆ ಕಲ್ಲಿನ ರಥ ಬರೆಯಲು ಕರೆಯುತ್ತಾರೆ. ನಾನೂ ಬರೆದಿದ್ದೇನೆ. ಒಳಗೆ ಹೊರರೋಗಿ ವಿಭಾಗದಲ್ಲಿ ತೂಗುಹಾಕಿದ ಚರ್ಮರೋಗದ ಪಟದಲ್ಲಿ ಇರುವುದು ಬಿಳಿ ಚರ್ಮದ ಮೇಲಿನ ಕೆಂಪು ದದ್ದು. ನಮ್ಮ ಕಪ್ಪು, ಕಂದು ಮೈಮೇಲೆ ಅದೇ ದದ್ದು ಕೆಂಪಾಗಿ ಕಾಣುವುದಿಲ್ಲ, ನೇರಳೆಯಾಗಿಯೋ ಬೂದಿಯಾಗಿಯೋ ಕಾಣುತ್ತದೆ. ನೈಜೀರಿಯಾದ ಚಿಡಿಯೆಬೆರೆ ಇಬೆ ಎಂಬ ಯುವಕ ಕಪ್ಪು ತಾಯಿಯ ಗರ್ಭದಲ್ಲಿರುವ ಕಪ್ಪು ಶಿಶುವಿನ ಚಿತ್ರ ಬರೆದಾಗ, 2021ರ ಕೊನೆಯಲ್ಲಿ, ಅಂಥ ಚಿತ್ರವನ್ನು ತಾವು ಅದುವರೆಗೆ ಪಠ್ಯದಲ್ಲಿ ಕಂಡೇ ಇರಲಿಲ್ಲ ಎಂದು ಲೋಕದ ಎಷ್ಟೋ ಜನ ಬೆರಗಾದರು. ನಮ್ಮ ಮಕ್ಕಳ ರಕ್ತಹೀನತೆ, ಕಾಮಾಲೆ, ಹಲ್ಲಿನ ಫ್ಲೋರೋಸಿಸ್ ಇವು ನಮ್ಮ ಮೈಬಣ್ಣದಲ್ಲಿ ಹೇಗೆ ಕಾಣುತ್ತವೆ ಎಂಬ ಪಟಗಳನ್ನು ಆಶಾ ಕಾರ್ಯಕರ್ತೆಯರ ಕೈಗೆ ಕೊಡುವ ಕೆಲಸವೊಂದೇ ಒಬ್ಬ ಚಿತ್ರಗಾರನಿಗೆ ಹತ್ತು ವರ್ಷಕ್ಕೆ ಸಾಕಾಗುತ್ತದೆ.

ಆ ತಂದೆಗೆ ನಾನು ಕೊನೆಗೆ ಹೇಳಿ ಕಳಿಸಿದ್ದು ಇದು: ಮಗಳನ್ನು ನರ್ಸಿಂಗಿಗೆ ಹಚ್ಚು, ಆದರೆ ಚಿತ್ರ ಬಿಡಿಸಬೇಡ. ಪ್ರತಿ ಭಾನುವಾರ ನನ್ನ ಹತ್ತಿರ ಬರಲಿ. ನಾಲ್ಕು ವರ್ಷದ ಓದು ಮುಗಿಯುವ ಹೊತ್ತಿಗೆ ಅವಳಿಗಾಗಿ ಒಂದು ಹು​ದ್ದೆ ಇರುವಂತೆ ಕೇಳುವುದು ನನ್ನ ಕೆಲಸ. ಈ ಪತ್ರ ಆ ಕೆಲಸದ ಮೊದಲ ಕಂತು. ಹುದ್ದೆ ಮಂಜೂರಾಗುವವರೆಗೆ ಕಾಯಬೇಕಾಗಿಯೂ ಇಲ್ಲ. ಈ ಮೂರು ಕಾಲೇಜುಗಳಲ್ಲಿ ಯಾವುದಾದರೂ ಒಪ್ಪಿದರೆ ವಾರಕ್ಕೆ ಎರಡು ದಿನ ನಾನು ಸಂಬಳವಿಲ್ಲದೆ ಬರಲು ಸಿದ್ಧನಿದ್ದೇನೆ. ನೋವಿನ ಹಾಳೆಯ ಕರಡು ಪ್ರತಿಗಳು, ಹೆಣ್ಣಿನವೂ ಗಂಡಿನವೂ ಮಗುವಿನವೂ, ನನ್ನ ಬಳಿ ಬರೆದಿಟ್ಟಿವೆ. ಉತ್ತರದ ಕಡೆ ಕಿಟಕಿ ಇರುವ ಒಂದು ಕೋಣೆ, ಒಂದು ಮೇಜು, ರೋಗಿಯ ಪಕ್ಕದಲ್ಲಿ ಕೂರಲು ಎರಡು ಕುರ್ಚಿ ಕೊಟ್ಟರೆ ಸಾಕು. ಕಾಗದ, ಬಣ್ಣ ನಾನೇ ತರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಚಿತ್ರಕಲಾ ಶಿಕ್ಷಕ, ಕೊಪ್ಪಳ